12 ವೋಲ್ಟ್ ತಾನೇ ಅನ್ನುವ ಮುಂಚೆ: ಮನೆಯಲ್ಲೇ ಕಾರ್ ಬ್ಯಾಟರಿ ಬದಲಿಸಿದ ಒಂದು ಪ್ರಕರಣ

ಕಾರು ಪೆಟ್ರೋಲ್ ಎಂಜಿನ್ನಿನ ಸಣ್ಣ ಗಾಡಿ. ಬ್ಯಾಟರಿ ಬಾನೆಟ್ ಕೆಳಗೆ, ಸುಲಭವಾಗಿ ಕೈಗೆ ಸಿಗುವ ಜಾಗದಲ್ಲಿದೆ. ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ತಾನಾಗಿ ಆಫ್ ಆಗುವ ವ್ಯವಸ್ಥೆ ಇದರಲ್ಲಿಲ್ಲ. ಓಡಿಸುವವಳು ನನ್ನ ಅಕ್ಕ. ಅವಳದ್ದು ಹೆಚ್ಚಾಗಿ ಹತ್ತಿರದ ಓಡಾಟ, ಹತ್ತು ನಿಮಿಷ ಹೋಗಿ ಬಂದರೆ ಮುಗಿಯಿತು. ಬ್ಯಾಟರಿಯ ಮೇಲೆ ಒತ್ತಿರುವ ತಯಾರಿಕೆಯ ತಿಂಗಳು ನೋಡಿದರೆ ನಾಲ್ಕು ವರ್ಷ ದಾಟಿತ್ತು.

ಒಂದು ಬೆಳಿಗ್ಗೆ ಕೀ ತಿರುಗಿಸಿದರೆ ಎಂಜಿನ್ ತಿರುಗಲಿಲ್ಲ. ಟಕ ಟಕ ಟಕ ಅಂತ ಬೇಗ ಬೇಗ ಸದ್ದು ಬಂತು, ಅಷ್ಟೇ. ಮೀಟರ್ ಬೋರ್ಡಿನ ದೀಪಗಳು ಆ ಸದ್ದಿನ ಜೊತೆಗೇ ಮಂಕಾಗಿ ಮತ್ತೆ ಹೊತ್ತಿಕೊಳ್ಳುತ್ತಿದ್ದವು. ಬೇರೆ ಊರಲ್ಲಿದ್ದ ಭಾವ ಫೋನಿನಲ್ಲೇ ತೀರ್ಪು ಕೊಟ್ಟರು: "ಬ್ಯಾಟರಿ ಹೋಗಿದೆ, ಹೊಸದು ತರಿಸಿ ಹಾಕ್ಸಿಬಿಡು." ಅಕ್ಕ ನನ್ನನ್ನು ಕರೆದಳು. "ಹಾಕ್ಸೋದಲ್ಲ ಕಣೋ, ನಾನೇ ಹಾಕ್ತೀನಿ. ನೀನು ಪಕ್ಕದಲ್ಲಿ ನಿಂತು ಹೇಳು, ಸಾಕು."

ಕೆಲಸ ಅಷ್ಟು ಕಷ್ಟದ್ದಲ್ಲ, ನಿಜ. ಆದರೂ ಇದನ್ನು ಪೂರ್ತಿಯಾಗಿ ಬರೆದಿಡಬೇಕು ಅನ್ನಿಸಿದ್ದಕ್ಕೆ ಕಾರಣ ಇದೆ. ಕಾರಿನ ಬ್ಯಾಟರಿ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಒಣಗಿದ ಕೈಯ ಚರ್ಮವನ್ನು ದಾಟಿ ಹರಿಯಲು 12 ವೋಲ್ಟ್‌ಗೆ ಬಲ ಸಾಲದು. ಹಾಗಾಗಿ ಜನರಿಗೆ ಅದರ ಭಯವಿಲ್ಲ. ಆದರೆ ಅದೇ ಬ್ಯಾಟರಿಯ ಎರಡು ತುದಿಗಳಿಗೆ ಒಂದು ಸ್ಪ್ಯಾನರ್ ಅಡ್ಡ ಬಿದ್ದರೆ ನೂರಾರು ಆಂಪಿಯರ್ ಒಮ್ಮೆಲೇ ಹರಿಯುತ್ತದೆ, ಸಾವಿರ ದಾಟಿದರೂ ಆಶ್ಚರ್ಯವಿಲ್ಲ. ಕಬ್ಬಿಣ ಕೆಂಪಗೆ ಕಾಯುತ್ತದೆ, ಕಿಡಿ ಹಾರುತ್ತದೆ. ಬೆರಳಲ್ಲಿ ಉಂಗುರವಿದ್ದು ಅದೇ ದಾರಿಯಲ್ಲಿ ಸಿಕ್ಕಿಕೊಂಡರೆ ಬೆರಳನ್ನು ಸುತ್ತಲೂ ಸುಟ್ಟುಹಾಕುತ್ತದೆ. ಅಪಾಯ ಇರುವುದು ವೋಲ್ಟಿನಲ್ಲಲ್ಲ, ನಮ್ಮ ಕೈಯಲ್ಲಿರುವ ಲೋಹದಲ್ಲಿ. ಇದೊಂದು ತಲೆಯಲ್ಲಿ ಕೂತರೆ ಮುಂದಿನ ಪ್ರತಿ ಹೆಜ್ಜೆಗೂ ಕಾರಣ ತಾನಾಗಿ ಹೊಳೆಯುತ್ತದೆ.

ನಿಜವಾಗಿಯೂ ಬ್ಯಾಟರಿಯದೇ ತಪ್ಪಾ?

ಟಕ ಟಕ ಸದ್ದಿಗೆ ಅರ್ಥ ಇಷ್ಟು: ಸೆಲ್ಫ್ ಮೋಟರಿನ ಸೊಲೆನಾಯ್ಡ್ (ಕರೆಂಟ್ ಬಂದಾಗ ಎಳೆದುಕೊಂಡು ಮೋಟರಿಗೆ ದಾರಿ ಕೊಡುವ ಸ್ವಿಚ್ಚು) ಎಳೆದುಕೊಳ್ಳುತ್ತದೆ, ತಕ್ಷಣ ವೋಲ್ಟೇಜ್ ಕುಸಿಯುತ್ತದೆ, ಅದು ಬಿಟ್ಟುಕೊಡುತ್ತದೆ, ಮತ್ತೆ ಎಳೆದುಕೊಳ್ಳುತ್ತದೆ. ಸೆಲ್ಫ್‌ಗೆ ಬೇಕಾದಷ್ಟು ಕರೆಂಟ್ ತಲುಪುತ್ತಿಲ್ಲ ಅಂತ ಮಾತ್ರ ಇದರಿಂದ ಗೊತ್ತಾಗುತ್ತದೆ. ಯಾಕೆ ತಲುಪುತ್ತಿಲ್ಲ ಅನ್ನುವುದು ಬೇರೆ ಪ್ರಶ್ನೆ. ಬ್ಯಾಟರಿ ಸುಮ್ನೆ ಖಾಲಿಯಾಗಿರಬಹುದು. ಸವೆದು ಕೆಟ್ಟಿರಬಹುದು. ಅಥವಾ ಬ್ಯಾಟರಿ ಚೆನ್ನಾಗಿದ್ದು ಕೇಬಲ್ಲಿನ ಕ್ಲ್ಯಾಂಪ್ ಸರಿಯಾಗಿ ಕಚ್ಚಿಕೊಳ್ಳದೆ ಇರಬಹುದು. ಈ ಮೂರನ್ನೂ ಬೇರೆ ಬೇರೆಯಾಗಿ ನೋಡದೆ ಹೊಸ ಬ್ಯಾಟರಿ ತರುವುದು ನನಗೆ ಒಪ್ಪಿಗೆಯಾಗದ ವಿಷಯ. ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್ ಕೆಟ್ಟಿದ್ದರಂತೂ ಹೊಸ ಬ್ಯಾಟರಿಯೂ ಕೆಲವೇ ದಿನಗಳಲ್ಲಿ ಹೀಗೇ ಮಲಗುತ್ತದೆ.

ರಾತ್ರಿಯೆಲ್ಲಾ ನಿಂತಿದ್ದ ಕಾರಿನ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದಾಗ 12.1 ವೋಲ್ಟ್ ಬಂತು. ಈ ಬ್ಯಾಟರಿಯೊಳಗೆ ಆರು ಸೆಲ್ ಇರುತ್ತವೆ. ಒಂದೊಂದೂ ಸುಮಾರು 2.1 ವೋಲ್ಟ್. ಪೂರ್ತಿ ಚಾರ್ಜ್ ಆಗಿ ವಿಶ್ರಾಂತಿಯಲ್ಲಿದ್ದರೆ 12.6ರಿಂದ 12.7 ಇರಬೇಕು. 12.2 ಅಂದರೆ ಹೆಚ್ಚುಕಡಿಮೆ ಅರ್ಧ. ಅಂದರೆ ನಮ್ಮದು ಅರ್ಧಕ್ಕಿಂತ ಕೆಳಗಿತ್ತು.

ಪ್ಲಸ್ ಟರ್ಮಿನಲ್ ಸುತ್ತ ಬಿಳಿ ಹಸಿರು ಬಣ್ಣದ ಪುಡಿ ಕಟ್ಟಿತ್ತು, ಕಿಲುಬು. ಕ್ಲ್ಯಾಂಪ್ ಕಚ್ಚಿಕೊಂಡಿದೆಯೋ ಇಲ್ಲವೋ ತಿಳಿಯಲು ಒಂದು ಒಳ್ಳೆಯ ಪರೀಕ್ಷೆ ಇದೆ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಸೀಸದ ಗೂಟದ ಮೇಲೆ, ಇನ್ನೊಂದನ್ನು ಅದಕ್ಕೆ ಸುತ್ತಿರುವ ಕ್ಲ್ಯಾಂಪಿನ ಮೇಲೆ ಇಡಬೇಕು. ಇನ್ನೊಬ್ಬರು ಕೀ ತಿರುಗಿಸಬೇಕು. ಎರಡೂ ಒಂದಕ್ಕೊಂದು ಅಂಟಿಕೊಂಡೇ ಇರುವ ಲೋಹ, ಹಾಗಾಗಿ ನಡುವೆ ಹೆಚ್ಚೂಕಡಿಮೆ ಸೊನ್ನೆಯೇ ಬರಬೇಕು. ನಮಗೆ 0.7 ವೋಲ್ಟ್ ಬಂತು. ಕಿಲುಬು ಅಷ್ಟನ್ನು ದಾರಿಯಲ್ಲೇ ತಿನ್ನುತ್ತಿತ್ತು.

ಅಂದರೆ ಮೊದಲು ಸ್ವಚ್ಛ ಮಾಡಬೇಕು. ಅದಕ್ಕೆ ಟರ್ಮಿನಲ್ ಬಿಚ್ಚಲೇಬೇಕು. ಅಕ್ಕ ಸ್ಪ್ಯಾನರ್ ತೆಗೆದುಕೊಂಡು ನೇರ ಕಿಲುಬು ಹಿಡಿದ ಪ್ಲಸ್ ಕಡೆಗೇ ಕೈ ಹಾಕಿದಳು. "ಕೊಳೆ ಇರೋದು ಇಲ್ಲೇ ಅಲ್ವಾ?"

ಮೈನಸ್ ಮೊದಲು ಯಾಕೆ

ಕೇಳುವುದು ನ್ಯಾಯವೇ. "ಮೈನಸ್ ಮೊದಲು ಬಿಚ್ಚು, ಕೊನೆಗೆ ಹಾಕು" ಅಂತ ಎಲ್ಲರೂ ಹೇಳುತ್ತಾರೆ. ಯಾಕೆ ಅಂತ ಹೇಳುವವರು ಕಡಿಮೆ. ಕಾರಣ ಗೊತ್ತಿಲ್ಲದ ನಿಯಮ ಅವಸರದಲ್ಲಿ ಮರೆತುಹೋಗುತ್ತದೆ. ಅದಕ್ಕೆ ಅಲ್ಲೇ ನಿಂತು ಅಕ್ಕನಿಗೆ ವಿವರಿಸಿದೆ.

ಇವತ್ತಿನ ಹೆಚ್ಚುಕಡಿಮೆ ಎಲ್ಲಾ ಕಾರುಗಳಲ್ಲೂ ಮೈನಸ್ ಕೇಬಲ್ ಕಾರಿನ ಬಾಡಿಗೆ ಜೋಡಿಸಿರುತ್ತದೆ. ಎಂಜಿನ್, ಬಾನೆಟ್, ಬ್ರಾಕೆಟ್ಟು, ಕಣ್ಣಿಗೆ ಕಾಣುವ ಬರೀ ಲೋಹವೆಲ್ಲಾ ಮೈನಸ್ಸೇ. ಈಗ ನೀನು ಪ್ಲಸ್ ನಟ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸುತ್ತೀಯ. ಸ್ಪ್ಯಾನರಿನ ಇನ್ನೊಂದು ತುದಿ ಪಕ್ಕದ ಬ್ರಾಕೆಟ್ಟಿಗೆ ತಾಗಿತು ಅಂದುಕೋ. ಪ್ಲಸ್ಸಿನಿಂದ ಮೈನಸ್ಸಿಗೆ ನೇರ ದಾರಿಯಾಯಿತು, ಆ ದಾರಿಯೇ ನಿನ್ನ ಕೈಯಲ್ಲಿರುವ ಸ್ಪ್ಯಾನರ್. ನಡುವೆ ಫ್ಯೂಸೂ ಇಲ್ಲ.

ಅದೇ ಮೈನಸ್ ನಟ್ಟಿಗೆ ಸ್ಪ್ಯಾನರ್ ಹಾಕಿದಾಗ ಅದು ಬಾಡಿಗೆ ತಾಗಿದರೆ? ಮೈನಸ್ಸಿಗೆ ಮೈನಸ್ ತಾಗಿತು, ಏನೂ ಆಗುವುದಿಲ್ಲ. ಮೈನಸ್ ಕೇಬಲ್ ಬಿಚ್ಚಿ ದೂರ ಸರಿಸಿದ ಮೇಲೆ ಬಾಡಿಗೂ ಬ್ಯಾಟರಿಗೂ ಸಂಬಂಧವೇ ಕಡಿದುಹೋಯಿತು. ಆಮೇಲೆ ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಕರೆಂಟಿಗೆ ವಾಪಸ್ ಬರಲು ದಾರಿ ಇಲ್ಲ. ಹಾಕುವಾಗ ಇದನ್ನೇ ತಿರುಗಿಸಿದರಾಯಿತು: ಪ್ಲಸ್ ಮೊದಲು, ಮೈನಸ್ ಕೊನೆಗೆ.

ಇಲ್ಲಿ ಇನ್ನೊಂದು ಮಾತಿದೆ. ಮೈನಸ್ ಕೇಬಲ್ ಬಿಚ್ಚಿದರೆ ಕಾರಿನ ಬಾಡಿ ಸುರಕ್ಷಿತವಾಗುತ್ತದೆ, ಬ್ಯಾಟರಿಯಲ್ಲ. ಬ್ಯಾಟರಿಯ ಎರಡು ಗೂಟಗಳ ನಡುವೆ 12 ವೋಲ್ಟ್ ಹಾಗೇ ಇರುತ್ತದೆ. ಎರಡಕ್ಕೂ ಒಂದೇ ಲೋಹ ಅಡ್ಡ ಬಿದ್ದರೆ ಕೇಬಲ್ ಇದ್ದರೇನು, ಬಿಟ್ಟರೇನು. ಅಕ್ಕನ ಕಾರಿನಲ್ಲಿ ಬ್ಯಾಟರಿಯನ್ನು ಹಿಡಿದಿಡಲು ಮೇಲಿನಿಂದ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ ಇದೆ. ಅದನ್ನು ಎತ್ತುವಾಗ ಜಾರಿದರೆ ಸರಿಯಾಗಿ ಎರಡು ಗೂಟಗಳ ಮೇಲೇ ಬೀಳುವ ಸಾಧ್ಯತೆ ಇತ್ತು. ಅದಕ್ಕೆ ಕೇಬಲ್ ಬಿಚ್ಚಿದ ಕೂಡಲೇ ಎರಡು ಗೂಟಗಳನ್ನೂ ದಪ್ಪ ರಬ್ಬರಿನ ತುಂಡಿನಿಂದ ಮುಚ್ಚಿದೆವು. ಇದನ್ನು ಮಾಡುವವರು ಕಡಿಮೆ. ನನ್ನ ಮಟ್ಟಿಗೆ ಮೈನಸ್ ಮೊದಲು ಬಿಚ್ಚುವಷ್ಟೇ ಮುಖ್ಯವಾದ ಹೆಜ್ಜೆ ಇದು.

ಶುರು ಮಾಡುವ ಮುಂಚೆ ಅಕ್ಕ ಬಳೆ, ಉಂಗುರ, ವಾಚು ತೆಗೆದಿಟ್ಟಿದ್ದಳು. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್ ಇತ್ತು. ಹ್ಯಾಂಡ್‌ಬ್ರೇಕ್ ಎಳೆದು, ಕೀಯನ್ನು ಹೊರಗೆ ತೆಗೆದು ಜೇಬಿಗೆ ಹಾಕಿಕೊಂಡು, ಒಂದು ಕಿಟಕಿ ಇಳಿಸಿಟ್ಟೆವು. ಕರೆಂಟ್ ಹೋದ ಮೇಲೆ ಬಾಗಿಲು ಲಾಕ್ ಆಗಿ ಕೀ ಒಳಗೇ ಉಳಿದರೆ ಫಜೀತಿ. ಕೀ ತೆಗೆದ ಮೇಲೆ ಕೆಲವು ನಿಮಿಷ ಕಾದೆವು. ಕಾರಿನ ಕಂಪ್ಯೂಟರುಗಳು ಎಂಜಿನ್ ಆಫ್ ಆದ ಮೇಲೂ ಸ್ವಲ್ಪ ಹೊತ್ತು ಎಚ್ಚರವಾಗಿರುತ್ತವೆ, ಅವು ಮಲಗಿದ ಮೇಲೆ ಬಿಚ್ಚುವುದು ಒಳ್ಳೆಯದು. ಎಷ್ಟು ಹೊತ್ತು ಅಂತ ಕಾರಿನ ಪುಸ್ತಕದಲ್ಲಿ ಬರೆದಿರುತ್ತಾರೆ.

ಕಿಲುಬಿಗೆ ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಸಾಕು. ಹಾಕಿದಾಗ ಬುಸುಬುಸು ನೊರೆ ಬರುತ್ತದೆ, ಆಸಿಡ್ ಸಾಯುತ್ತಿದೆ ಅಂತ ಅರ್ಥ. ಬ್ಯಾಟರಿಯ ಮುಚ್ಚಳಗಳ ಸಂದಿಯಿಂದ ಸೋಡಾ ಒಳಗೆ ಹೋಗಬಾರದು, ಹೋದರೆ ಒಳಗಿನ ಆಸಿಡ್ಡೂ ಕೆಡುತ್ತದೆ. ಆಮೇಲೆ ತಂತಿಯ ಬ್ರಷ್ಷಿನಿಂದ ಗೂಟವನ್ನೂ ಕ್ಲ್ಯಾಂಪಿನ ಒಳಮೈಯನ್ನೂ ಹೊಳೆಯುವವರೆಗೆ ಉಜ್ಜಿ ಒಣಬಟ್ಟೆಯಲ್ಲಿ ಒರೆಸಿದೆವು. ಉದುರುವ ಪುಡಿಯನ್ನು ಬಾಯಿಂದ ಊದಬಾರದು.

ಚಾರ್ಜ್ ಮಾಡಿ ನೋಡಿದ ಮೇಲೆ

ಖಾಲಿ ಬ್ಯಾಟರಿಗೂ ಸತ್ತ ಬ್ಯಾಟರಿಗೂ ವ್ಯತ್ಯಾಸ ಚಾರ್ಜ್ ಮಾಡದೆ ತಿಳಿಯುವುದಿಲ್ಲ. ಕಾರನ್ನು ಬಯಲಿನಲ್ಲೇ ಬಿಟ್ಟು, ಬಾನೆಟ್ ತೆರೆದಿಟ್ಟು, ಹಗಲಿಡೀ ನಿಧಾನವಾಗಿ ಚಾರ್ಜ್ ಕೊಟ್ಟೆವು. ಬಯಲು ಯಾಕೆ ಅಂದರೆ, ಚಾರ್ಜ್ ಆಗುವಾಗ ಈ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ 4 ಶೇಕಡಾ ಸೇರಿದರೆ ಸಾಕು, ಒಂದು ಕಿಡಿಗೆ ಸಿಡಿಯುತ್ತದೆ. ಸಿಡಿದರೆ ಡಬ್ಬ ಒಡೆದು ಆಸಿಡ್ ಮುಖಕ್ಕೆ ಬರುತ್ತದೆ. ಕನ್ನಡಕ ಅದಕ್ಕೇ. ಚಾರ್ಜರಿನ ಕ್ಲಿಪ್ ಹಾಕುವಾಗಲೂ ತೆಗೆಯುವಾಗಲೂ ಗೋಡೆಯ ಸ್ವಿಚ್ ಆಫ್ ಇರಬೇಕು. ಸುತ್ತಮುತ್ತ ಬೀಡಿ, ಸಿಗರೇಟು, ದೀಪ ಯಾವುದೂ ಬೇಡ.

ಒಂದು ಬಕೆಟ್ ನೀರನ್ನೂ ಪಕ್ಕದಲ್ಲಿ ಇಟ್ಟುಕೊಂಡಿದ್ದೆವು. ಬ್ಯಾಟರಿಯೊಳಗಿನದು ಸುಮಾರು ಮೂರನೇ ಒಂದು ಪಾಲು ಸಲ್ಫ್ಯೂರಿಕ್ ಆಸಿಡ್, ಉಳಿದದ್ದು ನೀರು. ಚರ್ಮಕ್ಕೆ ಬಿದ್ದರೆ ತಕ್ಷಣ ಬರೀ ನೀರಿನಲ್ಲಿ ಜಾಸ್ತಿ ಹೊತ್ತು ತೊಳೆಯಬೇಕು. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 15-20 ನಿಮಿಷ ನೀರು ಹಾಯಿಸುತ್ತಲೇ ಇದ್ದು, ನೇರ ಡಾಕ್ಟರ ಹತ್ತಿರ ಹೋಗಬೇಕು. ಕಣ್ಣಿಗೆ ಸೋಡಾ ನೀರು ಹಾಕಬಾರದು.

ಮರುದಿನ ಬೆಳಿಗ್ಗೆ ಮೀಟರ್ 12.5 ತೋರಿಸಿತು. ಅಕ್ಕನಿಗೆ ಖುಷಿ. "ನೋಡು, ಸರಿಯಾಗೋಯ್ತು!" ಆದರೆ ಕೀ ತಿರುಗಿಸಿದ ಕ್ಷಣ ಅದು 8ರ ಹತ್ತಿರ ಕುಸಿಯಿತು. ಎಂಜಿನ್ ಹೇಗೋ ಒದ್ದಾಡಿ ಶುರುವಾಯಿತು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯನ್ನು ಅನುಮಾನಿಸಬೇಕು. ನಮ್ಮ ಬ್ಯಾಟರಿ ಹೆಚ್ಚುಕಡಿಮೆ ಪೂರ್ತಿ ಚಾರ್ಜ್ ಆಗಿ, ಟರ್ಮಿನಲ್ ಸ್ವಚ್ಛವಾಗಿ ಇದ್ದೂ ಹೀಗೆ ಕುಸಿದಿತ್ತು. ಸುಮ್ನೆ ಇದ್ದಾಗಿನ ವೋಲ್ಟೇಜ್ ನೋಡಿ ಬ್ಯಾಟರಿ ಚೆನ್ನಾಗಿದೆ ಅನ್ನುವುದು ತಪ್ಪಾಗುವುದು ಇಲ್ಲೇ. ಆ ಅಂಕಿ ಎಷ್ಟು ಚಾರ್ಜ್ ಇದೆ ಅಂತ ಹೇಳುತ್ತದೆ, ಎಷ್ಟು ಭಾರ ಹೊರಬಲ್ಲದು ಅಂತ ಹೇಳುವುದಿಲ್ಲ. ಅರ್ಧಂಬರ್ಧ ಚಾರ್ಜಿನಲ್ಲೇ ಬಹಳ ಕಾಲ ಇದ್ದರೆ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಅದು ಕರಗಿ ವಾಪಸ್ ಬರುವುದು ಕಷ್ಟ. ಹತ್ತು ನಿಮಿಷದ ಓಡಾಟಗಳು ಮಾಡುವ ಕೆಲಸ ಇದೇ.

ಎಂಜಿನ್ ಓಡುತ್ತಿರುವಾಗಲೇ ಆಲ್ಟರ್ನೇಟರನ್ನೂ ನೋಡಿದೆವು. ಬ್ಯಾಟರಿಯ ಮೇಲೆ 14.2 ವೋಲ್ಟ್. ಸಾಮಾನ್ಯವಾಗಿ 13.8ರಿಂದ 14.7ರ ಒಳಗೆ ಇರಬೇಕು, ಹಾಗಾಗಿ ಅದಕ್ಕೆ ತೊಂದರೆ ಇಲ್ಲ. ಅಷ್ಟರಲ್ಲಿ ಭಾವನ ಫೋನ್. "ಓಡ್ತಿರುವಾಗ್ಲೇ ಒಂದು ಟರ್ಮಿನಲ್ ಬಿಚ್ಚಿ ನೋಡು. ಎಂಜಿನ್ ನಿಂತ್ರೆ ಆಲ್ಟರ್ನೇಟರ್ ಹೋಗಿದೆ ಅಂತ." ಹಳೆಯ ಕಾರುಗಳ ಕಾಲದ ಈ ಉಪಾಯ ಇನ್ನೂ ಬಹಳ ಜನರ ಬಾಯಲ್ಲಿದೆ. ದಯವಿಟ್ಟು ಮಾಡಬೇಡಿ. ಆಲ್ಟರ್ನೇಟರ್ ಕೊಡುತ್ತಿರುವ ಕರೆಂಟನ್ನು ತೆಗೆದುಕೊಳ್ಳುವ ಬ್ಯಾಟರಿ ಒಮ್ಮೆಲೇ ಮಾಯವಾದರೆ ವೋಲ್ಟೇಜ್ ಒಂದು ಕ್ಷಣಕ್ಕೆ ಎಷ್ಟೋ ಪಟ್ಟು ಜಿಗಿಯುತ್ತದೆ. ಇವತ್ತಿನ ಕಾರಿನ ಕಂಪ್ಯೂಟರುಗಳಿಗೆ ಆ ಹೊಡೆತವೇ ಸಾಕು. ಜೊತೆಗೆ, ಹೈಡ್ರೋಜನ್ ಇರುವ ಜಾಗದಲ್ಲಿ ಕೈಯಾರೆ ಕಿಡಿ ಹಾರಿಸಿದಂತಾಗುತ್ತದೆ. "ಭಾವಾ, ಮೀಟರ್ ಇದೆ, 14.2 ಬಂತು, ಬಿಚ್ಚೋದೇನೂ ಬೇಡ" ಅಂದೆ. ಅವರೂ ಒಪ್ಪಿದರು.

ತಿರುಗುಮುರುಗಾದ ಹೊಸ ಬ್ಯಾಟರಿ

ಹೊಸದು ಬಂತು. ಅಳತೆ ಅದೇ, ಆಂಪಿಯರ್-ಗಂಟೆ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಲೆಕ್ಕ) ಅದೇ. ಹಳೆಯದರ ಪಕ್ಕದಲ್ಲಿ ಇಟ್ಟು ನೋಡು ಅಂದೆ. ಅಕ್ಕನೇ ಗುರುತಿಸಿದಳು: "ಇದ್ರಲ್ಲಿ ಪ್ಲಸ್ಸು ಆ ಕಡೆ ಇದೆಯಲ್ಲೋ!" ತಂದುಕೊಟ್ಟವರು ತಿರುಗಿಸಿ ಕೂರಿಸಿ, ಏನಾಗಲ್ಲ ಅಂದರು.

ಆಗುತ್ತದೆ. ಗೂಟಗಳು ಬ್ಯಾಟರಿಯ ನಡುವೆ ಇರುವುದಿಲ್ಲ, ಒಂದು ಅಂಚಿನ ಕಡೆಗಿರುತ್ತವೆ. ತಿರುಗಿಸಿದರೆ ಪ್ಲಸ್ ತನ್ನ ಬದಿಗೆ ಬರುತ್ತದೆ ನಿಜ, ಆದರೆ ಗೂಟಗಳೆರಡೂ ಎದುರಿನ ಅಂಚಿಗೆ ಹೋಗುತ್ತವೆ. ಕೇಬಲ್ ಎಳೆದು ಎಳೆದು ಹಾಕಬೇಕಾಗುತ್ತದೆ. ಎಳೆದು ಹಾಕಿದ ಕ್ಲ್ಯಾಂಪ್ ಗಾಡಿಯ ಅದುರಿಗೆ ಸಡಿಲವಾಗುತ್ತದೆ, ಪ್ಲಸ್ ಗೂಟ ಬಾಡಿಯ ಲೋಹಕ್ಕೆ ಹತ್ತಿರವಾಗುತ್ತದೆ. ತಿರುಗಿಸದೆ ಕೂರಿಸಿ ಯಾರಾದರೂ ಅಭ್ಯಾಸಬಲದಿಂದ ಎಡಗಡೆಯದಕ್ಕೆ ಎಡಗಡೆಯ ಕೇಬಲ್ ಹಾಕಿದರಂತೂ ಪ್ಲಸ್ ಮೈನಸ್ ಅದಲುಬದಲು. ಆಲ್ಟರ್ನೇಟರಿನ ಡಯೋಡುಗಳು, ಮುಖ್ಯ ಫ್ಯೂಸ್, ಅದೃಷ್ಟ ಕೆಟ್ಟರೆ ಎಂಜಿನ್ ಕಂಪ್ಯೂಟರ್, ಎಲ್ಲಾ ಒಂದೇ ಕ್ಷಣದಲ್ಲಿ ಹೋಗಬಹುದು.

ವಾಪಸ್ ಕಳಿಸಿದೆವು. ಜಪಾನಿನ ಅಳತೆಯ ಬ್ಯಾಟರಿಗಳ ಮೇಲೆ 38ಬಿ20ಎಲ್ ತರಹದ ಗುರುತು ಇರುತ್ತದೆ. ಇದರಲ್ಲಿ 20 ಅಂದರೆ ಉದ್ದ ಸುಮಾರು 20 ಸೆಂಟಿಮೀಟರ್. ಕೊನೆಯ ಎಲ್ ಅಥವಾ ಆರ್ ಅಕ್ಷರ ಗೂಟಗಳು ಯಾವ ಬದಿ ಅಂತ ಹೇಳುತ್ತದೆ. ಆ ಒಂದು ಅಕ್ಷರ ನೋಡದೆ ತಂದಿದ್ದರು. ಗೂಟದ ದಪ್ಪವೂ ಎಲ್ಲದರಲ್ಲೂ ಒಂದೇ ಅಲ್ಲ. ಒಂದೇ ಬ್ಯಾಟರಿಯಲ್ಲೂ ಪ್ಲಸ್ ಗೂಟ ಮೈನಸ್ಸಿಗಿಂತ ಸ್ವಲ್ಪ ದಪ್ಪ. ಕ್ಲ್ಯಾಂಪ್ ಸಡಿಲವಾಯಿತೆಂದು ತಗಡು ತುರುಕುವುದು, ಬಿಗಿಯಾಯಿತೆಂದು ಸುತ್ತಿಗೆಯಲ್ಲಿ ಬಡಿಯುವುದು, ಎರಡೂ ಬೇಡ. ಬಡಿದರೆ ಗೂಟದ ಬುಡದ ಸೀಲ್ ಬಿರುಕು ಬಿಟ್ಟು ಆಸಿಡ್ ಒಸರಲು ಶುರುವಾಗುತ್ತದೆ.

ಕೂರಿಸಿದ್ದು

ಸರಿಯಾದ ಬ್ಯಾಟರಿ ಬಂದ ಮೇಲೆ ಕೆಲಸ ಬೇಗ ಮುಗಿಯಿತು. ಮೈನಸ್ ಬಿಚ್ಚಿ ಬಟ್ಟೆ ಸುತ್ತಿ ಪಕ್ಕಕ್ಕೆ ಸಿಕ್ಕಿಸಿದಳು, ಆಮೇಲೆ ಪ್ಲಸ್. ಗೂಟಗಳನ್ನು ಮುಚ್ಚಿ ಪಟ್ಟಿ ತೆಗೆದಳು. ಇಂಥ ಬ್ಯಾಟರಿ ಹತ್ತು ಕಿಲೋ ಆಸುಪಾಸು ತೂಗುತ್ತದೆ, ದೊಡ್ಡ ಕಾರುಗಳದ್ದು ಇಪ್ಪತ್ತರ ಹತ್ತಿರ. ಬಗ್ಗಿ, ಕೈ ಮುಂದೆ ಚಾಚಿ ಎತ್ತಬೇಕಾದ್ದರಿಂದ ಸೊಂಟಕ್ಕೆ ಅದು ಇನ್ನೂ ಭಾರ. ಇಬ್ಬರೂ ಸೇರಿ ನೆಟ್ಟಗೆ, ಓರೆಯಾಗದಂತೆ ಎತ್ತಿದೆವು. ಬ್ಯಾಟರಿ ಕೂರುವ ತಟ್ಟೆಯಲ್ಲಿದ್ದ ಕಿಲುಬನ್ನು ಸೋಡಾ ನೀರಿನಲ್ಲಿ ತೊಳೆದು ಒಣಗಿಸಿದೆವು.

ಹೊಸದನ್ನು ಇಟ್ಟು ಮೊದಲು ಪಟ್ಟಿ ಬಿಗಿದೆವು. ಬ್ಯಾಟರಿ ಅಲುಗಾಡಬಾರದು. ಅದುರಿದರೆ ಒಳಗಿನ ಪ್ಲೇಟುಗಳ ಮೇಲಿನ ಲೇಪ ಉದುರುತ್ತದೆ, ಆಯಸ್ಸು ಕಡಿಮೆಯಾಗುತ್ತದೆ. ಹಾಗಂತ ಡಬ್ಬ ಉಬ್ಬುವಷ್ಟು ಬಿಗಿಯಬಾರದು. ಆಮೇಲೆ ಪ್ಲಸ್ ಹಾಕಿ ಅದರ ಮೇಲೆ ಕೆಂಪು ಮುಚ್ಚಳ, ಕೊನೆಗೆ ಮೈನಸ್. ಕ್ಲ್ಯಾಂಪನ್ನು ಕೈಯಲ್ಲಿ ತಿರುಗಿಸಿದರೆ ತಿರುಗಬಾರದು, ಅಷ್ಟು ಬಿಗಿ ಸಾಕು. ಸೀಸ ಮೆತ್ತಗಿನ ಲೋಹ. ಬಿಗಿದಾದ ಮೇಲೆ ಹೊರಗಿನಿಂದ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿದೆವು.

ಗಡಿಯಾರ, ರೇಡಿಯೋ ಮರೆತುಹೋಗದಿರಲಿ ಅಂತ ಬೇರೆ ಕರೆಂಟ್ ಕೊಟ್ಟು ಕೆಲಸ ಮಾಡುವ ಸಾಧನಗಳೂ ಸಿಗುತ್ತವೆ. ನಾವು ಬಳಸಲಿಲ್ಲ, ಬೇಕಂತಲೇ. ಅದು ಇದ್ದರೆ ಬಿಚ್ಚಿದ ಪ್ಲಸ್ ಕ್ಲ್ಯಾಂಪಿನಲ್ಲಿ ಕರೆಂಟ್ ಹಾಗೇ ಉಳಿಯುತ್ತದೆ. ಮೈನಸ್ ಮೊದಲು ಬಿಚ್ಚಿ ಗಳಿಸಿದ ಸುರಕ್ಷತೆ ಅಲ್ಲಿಗೆ ಹೋಯಿತು. ಗಡಿಯಾರ ಸರಿ ಮಾಡುವುದು ಎಷ್ಟು ಹೊತ್ತಿನ ಕೆಲಸ? ರೇಡಿಯೋಗೆ ಕೋಡ್ ಕೇಳುವ ಕಾರಾದರೆ ಮಾತ್ರ ಅದನ್ನು ಮೊದಲೇ ಹುಡುಕಿಟ್ಟುಕೊಳ್ಳಿ. ನಮ್ಮಲ್ಲಿ ಕಿಟಕಿ ಒಂದೇ ಒತ್ತಿಗೆ ಪೂರ್ತಿ ಮೇಲೇರುವುದನ್ನು ಮರೆತಿತ್ತು, ಪುಸ್ತಕ ನೋಡಿ ಮತ್ತೆ ಕಲಿಸಿದೆವು. ಎಂಜಿನ್ ಮೊದಲ ಸ್ವಲ್ಪ ಹೊತ್ತು ಏರುಪೇರಾಗಿ ಓಡಿ ತಾನಾಗಿ ಸರಿಹೋಯಿತು.

ಮೈನಸ್ ಹಾಕುವ ಮುಂಚೆ ಒಂದು ಅಳತೆ ತೆಗೆದುಕೊಂಡಿದ್ದೆವು. ಎಲ್ಲಾ ಬಾಗಿಲು ಮುಚ್ಚಿ, ಮೀಟರನ್ನು 10 ಆಂಪಿಯರ್ ಕಿಂಡಿಗೆ ಹಾಕಿ, ಮೈನಸ್ ಗೂಟಕ್ಕೂ ಕೇಬಲ್ಲಿಗೂ ನಡುವೆ ಇಟ್ಟು ಕಾದೆವು. ಈ ಸ್ಥಿತಿಯಲ್ಲಿ ಕೀ ತಿರುಗಿಸಿದರೆ ಮೀಟರಿನ ಫ್ಯೂಸ್ ಹೋಗುತ್ತದೆ, ಆ ಕಡೆ ಹೋಗಲೇಬಾರದು. ಕಾರು ಮಲಗಿದ ಮೇಲೆ 30 ಮಿಲಿಆಂಪಿಯರಿಗೆ ಇಳಿಯಿತು. 50ರ ಒಳಗಿದ್ದರೆ ಸಾಮಾನ್ಯವಾಗಿ ಸರಿ. ಕಳ್ಳತನದಲ್ಲಿ ಕರೆಂಟ್ ಕುಡಿಯುವುದು ಏನೂ ಇಲ್ಲ ಅಂತ ಖಾತ್ರಿಯಾಯಿತು. ಆದರೂ ಲೆಕ್ಕ ಹಾಕಿ: 30 ಮಿಲಿಆಂಪಿಯರ್ ಅಂದರೆ ದಿನಕ್ಕೆ 0.72 ಆಂಪಿಯರ್-ಗಂಟೆ, ತಿಂಗಳಿಗೆ 21ಕ್ಕಿಂತ ಜಾಸ್ತಿ. 35 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಅದು ಅರ್ಧಕ್ಕೂ ಮೇಲೆ. ಯಾವ ತೊಂದರೆಯೂ ಇಲ್ಲದ ಕಾರನ್ನೇ ತಿಂಗಳು ನಿಲ್ಲಿಸಿದರೆ ಇಷ್ಟು ಖಾಲಿ. ಅಕ್ಕ ಈಗ ವಾರದಲ್ಲಿ ಒಮ್ಮೆಯಾದರೂ ಅರ್ಧ ಮುಕ್ಕಾಲು ಗಂಟೆ ಒಂದೇ ಸಮನೆ ಓಡಿಸುತ್ತಾಳೆ.

ಯಾವ ಕಾರಿಗೆ ಇದು ಹೊಂದುವುದಿಲ್ಲ

ಅಕ್ಕನ ಕಾರು ಸರಳವಾದದ್ದು. ಎಂಜಿನ್ ತಾನಾಗಿ ನಿಂತು ಹೊರಡುವ ಕಾರುಗಳಿಗೆ ಪದೇ ಪದೇ ಸ್ಟಾರ್ಟ್ ಮಾಡುವುದನ್ನು ತಾಳಿಕೊಳ್ಳುವ ಎಜಿಎಂ ಅಥವಾ ಇಎಫ್‌ಬಿ ಬಗೆಯ ಬ್ಯಾಟರಿ ಬೇಕು. ಅಲ್ಲಿ ಮಾಮೂಲಿ ಬ್ಯಾಟರಿ ಹಾಕಿದರೆ ಬಹಳ ಬೇಗ ಸಾಯುತ್ತದೆ. ಮೈನಸ್ ಕ್ಲ್ಯಾಂಪಿನ ಮೇಲೆ ಸಣ್ಣ ಸೆನ್ಸರ್ ಇದ್ದರೆ ಅದಕ್ಕೆ ಸ್ಕ್ರೂಡ್ರೈವರ್ ಹಾಕಿ ಮೀಟಬಾರದು. ಅಂಥ ಕೆಲವು ಕಾರುಗಳಲ್ಲಿ ಹೊಸ ಬ್ಯಾಟರಿ ಬಂದಿದೆ ಅಂತ ಕಂಪ್ಯೂಟರಿಗೆ ತಿಳಿಸುವ ಕೆಲಸವೂ ಇರುತ್ತದೆ. ಬ್ಯಾಟರಿ ಡಿಕ್ಕಿಯಲ್ಲೋ ಸೀಟಿನ ಕೆಳಗೋ ಇದ್ದರೆ ಗ್ಯಾಸ್ ಹೊರಹಾಕುವ ಸಣ್ಣ ಪೈಪನ್ನು ಮರೆಯದೆ ಜೋಡಿಸಬೇಕು, ಇಲ್ಲದಿದ್ದರೆ ಹೈಡ್ರೋಜನ್ ಕಾರಿನೊಳಗೇ ತುಂಬುತ್ತದೆ. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಕೈ ಹಿಂದಕ್ಕೆ. ಅಲ್ಲಿರುವುದು ನೂರಾರು ವೋಲ್ಟ್, ಅದು ಜೀವ ತೆಗೆಯುತ್ತದೆ. ಯಾವ ಕಾರೇ ಇರಲಿ, ಬ್ಯಾಟರಿ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದರೆ, ಸೆಲ್ಫ್ ಹೊಡೆಯಬೇಡಿ, ಚಾರ್ಜ್ ಮಾಡಬೇಡಿ. ದೂರ ಸರಿದು ಬಲ್ಲವರನ್ನು ಕರೆಸಿ.

ಹಳೆಯ ಬ್ಯಾಟರಿಯನ್ನು ಗೂಟ ಮುಚ್ಚಿ, ನೆಟ್ಟಗೆ, ಮಕ್ಕಳ ಕೈಗೆ ಸಿಗದ ಕಡೆ ಪ್ಲಾಸ್ಟಿಕ್ ತಟ್ಟೆಯಲ್ಲಿ ಇಟ್ಟಿದ್ದೆವು. ಹೊಸದನ್ನು ಕೊಟ್ಟವರೇ ಅದನ್ನು ಒಯ್ದರು. ಸೀಸವನ್ನು ಕರಗಿಸಿ ಮತ್ತೆ ಬ್ಯಾಟರಿಗೇ ಬಳಸುತ್ತಾರೆ. ಕಸಕ್ಕೆ ಎಸೆದರೆ ಅದೇ ಸೀಸ ಮಣ್ಣಿಗೂ ನೀರಿಗೂ ಇಳಿಯುತ್ತದೆ. ಆಸಿಡ್ಡನ್ನು ಚರಂಡಿಗೆ ಸುರಿದು ಖಾಲಿ ಡಬ್ಬ ಮಾತ್ರ ಕೊಡುವವರೂ ಇದ್ದಾರೆ, ಅದನ್ನು ಯಾವತ್ತೂ ಮಾಡಬಾರದು. ಕೆಲವು ದಿನಗಳ ನಂತರ ಅಕ್ಕನೇ ಬಾನೆಟ್ ತೆರೆದು ಎರಡೂ ಕ್ಲ್ಯಾಂಪ್ ಅಲುಗಾಡಿಸಿ ನೋಡಿದಳು. ಮೈನಸ್ ಒಂಚೂರು ಸಡಿಲವಾಗಿತ್ತು, ಬಿಗಿದಳು. ಅವತ್ತು ಬೆಳಿಗ್ಗೆ ಮೀಟರ್ 12.6 ತೋರಿಸಿತು, ಸೆಲ್ಫ್ ಹೊಡೆದಾಗ 10.8.